ಸಿನಿಮಾ ಪತ್ರಿಕೆಯ ಮುಖಪುಟಕ್ಕೆ ಸ್ಕ್ರೈಬಸ್: ಆರು ವರ್ಷ ಬಳಸಿದ ಮೇಲೆ

ಹಗಲು ವಿಜಯನಗರದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು. ಸಂಜೆ ಗಾಂಧಿನಗರದ ಒಂದು ಪುಟ್ಟ ಸಿನಿಮಾ ಮಾಸಪತ್ರಿಕೆಗೆ ಮುಖಪುಟ. ನಾನು ಕೆಲಸ ಕಲಿತದ್ದು ಪುಟ ಕಟ್ಟುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶಗಳಲ್ಲಿ. ಇನ್‌ಡಿಸೈನ್‌ಗೆ ತಿಂಗಳ ಚಂದಾ ಕಟ್ಟಿದರೆ ಮುಖಪುಟದ ದುಡ್ಡಲ್ಲಿ ಕಾಫಿಗೂ ಉಳಿಯುವುದಿಲ್ಲ, ಹಾಗಾಗಿ ಅದೇ ಪುಟವಿನ್ಯಾಸದ ಕೆಲಸಕ್ಕೆ ಪುಕ್ಕಟೆ ಸಿಗುವ ಸ್ಕ್ರೈಬಸ್ ತಂತ್ರಾಂಶ ಹಾಕಿಕೊಂಡೆ.

ಮೊದಲ ದಿನ ಹಳೆಯ 1.4 ಆವೃತ್ತಿ ಇಳಿಸಿಕೊಂಡದ್ದು ನನ್ನದೇ ತಪ್ಪು. ಆ ಸರಣಿಗೆ ನಮ್ಮ ಲಿಪಿ ಜೋಡಿಸಲು ಬರುವುದಿಲ್ಲ. ‘ವರ್ಷದ ಚಿತ್ರ’ ಎಂದು ಹೊಡೆದರೆ ಅರ್ಕಾವೊತ್ತು ಕೂಡಲಿಲ್ಲ, ಒತ್ತು ಕೆಳಗೆ ಇಳಿಯಲಿಲ್ಲ. 2017ರ 1.5.3ರಲ್ಲಿ ಅಕ್ಷರ, ಒತ್ತುಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಸೇರಿದ ಮೇಲೆ ಈ ತಾಪತ್ರಯ ತಪ್ಪಿದೆ. 2024ರ ಜನವರಿಯಲ್ಲಿ ಬಂದ 1.6 ಈಗ ನನ್ನ ಕೆಲಸದ ಆವೃತ್ತಿ. ಫಾಂಟ್ ಮಾತ್ರ ಯೂನಿಕೋಡ್ ಇರಲಿ. ದಪ್ಪ ಶೀರ್ಷಿಕೆಗಳಿಗೆ ನಾನು ‘ಬಾಲೂ ತಮ್ಮ’ ಎಂಬ ಫಾಂಟ್ ಬಳಸುತ್ತೇನೆ.

ಸಿನಿಮಾ ಪತ್ರಿಕೆ ಅಂದಮೇಲೆ ನಾಯಕನ ತಲೆ ಟೈಟಲ್ ಮೇಲೆ ಬರಲೇಬೇಕು, ಇಲ್ಲದಿದ್ದರೆ ಸ್ಟಾಲ್‌ನಲ್ಲಿ ಸಪ್ಪೆ. ಫೋಟೊ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಅದನ್ನು ಕತ್ತರಿಸಿ, ಸ್ಕ್ರೈಬಸ್‌ನಲ್ಲಿ ಟೈಟಲ್‌ಗಿಂತ ಮೇಲಿನ ಲೇಯರ್‌ನಲ್ಲಿ ಇಟ್ಟರೆ ಆಯಿತು. ನಮ್ಮ ಪತ್ರಿಕೆಯ ಹೆಸರಿನಲ್ಲಿ ‘ಚಿತ್ರ’ ಇದೆ. ಒಮ್ಮೆ ನಾಯಕನ ಕ್ರಾಪು ಆ ಒತ್ತನ್ನು ಪೂರ್ತಿ ನುಂಗಿಬಿಟ್ಟಿತು. ಸಂಪಾದಕರು ಪ್ರೂಫ್ ನೋಡಿ, “ಚಿತ ಆಗಿದೆ ಕಣಯ್ಯ, ಇನ್ನೊಂದು ಎತ್ವ ಕೊಟ್ಟರೆ ಚಿತೆಯೇ!” ಅಂದರು. ಟೈಟಲನ್ನು ಔಟ್‌ಲೈನ್‌ಗೆ, ಅಂದರೆ ಅಕ್ಷರದಿಂದ ಬರೀ ಆಕಾರಕ್ಕೆ ಬದಲಿಸಿ, ಗುಂಪು ಬಿಡಿಸಿ, ಆ ಒಂದು ಒತ್ತನ್ನು ಮಾತ್ರ ಕೂದಲಿನ ಮೇಲೆ ತಂದು ಕೂರಿಸಿದೆ. ಈಗ ಅದೇ ನಮ್ಮ ಪತ್ರಿಕೆಯ ಗುರುತಿನಂತಾಗಿದೆ. ಸಾಲಿನ ಅಂತರವನ್ನೂ ತಂತ್ರಾಂಶಕ್ಕೆ ಬಿಡಬೇಡಿ. 36 ಪಾಯಿಂಟ್ ಅಕ್ಷರಕ್ಕೆ ನಾನು 50 ಕೊಡುತ್ತೇನೆ, ಕಡಿಮೆ ಮಾಡಿದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ.

ಪ್ರೆಸ್‌ಗೆ ಕಳಿಸುವ ಮುಂಚೆ ಫೈಲಿನ ತಪ್ಪು ಹುಡುಕಿಕೊಡುವ ಪ್ರಿಫ್ಲೈಟ್ ಸ್ಕ್ರೈಬಸ್‌ನ ದೊಡ್ಡ ಉಪಕಾರ. ಚಿತ್ರದ ಪ್ರಚಾರ ನೋಡುವ ಪಿಆರ್‌ಒಗಳು ಸ್ಟಿಲ್ ಕಳಿಸುವುದು ವಾಟ್ಸ್‌ಆ್ಯಪ್‌ನಲ್ಲಿ, ಅಲ್ಲಿ ಫೋಟೊ ಕುಗ್ಗಿಹೋಗುತ್ತದೆ. ಎ4 ಪುಟಕ್ಕೆ ಸುತ್ತ 3 ಮಿ.ಮೀ. ಬ್ಲೀಡ್ (ಮುದ್ರಿಸಿದ ಮೇಲೆ ಕತ್ತರಿಸಿಹಾಕುವ ಅಂಚು) ಸೇರಿಸಿದರೆ 216×303 ಮಿ.ಮೀ. ಅದು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸುಮಾರು 2,551×3,579 ಪಿಕ್ಸೆಲ್ ಬೇಡುತ್ತದೆ. ನನಗೆ ಬಂದ ಒಂದು ಫೋಟೊ 1,600 ಪಿಕ್ಸೆಲ್ ಎತ್ತರ, ಅಂದರೆ 134 ಡಿಪಿಐ. ಮಾನಿಟರ್‌ನಲ್ಲಿ ಚೆನ್ನಾಗಿಯೇ ಕಂಡಿತ್ತು. ಪ್ರಿಫ್ಲೈಟ್ ಎಚ್ಚರಿಸಿದ ಮೇಲೆ ಪಿಆರ್‌ಒಗೆ ಫೋನ್ ಮಾಡಿ, “ಡಾಕ್ಯುಮೆಂಟ್ ಆಗಿ ಕಳಿಸಿ ಸಾರ್” ಎಂದು ಬೇಡಿಕೊಂಡೆ.

ಬಣ್ಣದ ಪಾಠ ಕಲಿತದ್ದು ಕೈಸುಟ್ಟುಕೊಂಡೇ. ಹಾರರ್ ವಿಶೇಷಾಂಕಕ್ಕೆ ಕಪ್ಪು ಗಾಢವಾಗಿರಲಿ ಎಂದು ನಾಲ್ಕೂ ಮಸಿ ಶೇ. 100 ಇಟ್ಟೆ. ಒಟ್ಟು 400, ಒಣಗುವುದಾದರೂ ಹೇಗೆ? ಒಂದು ಹಾಳೆಯ ಮಸಿ ಮೇಲಿನ ಹಾಳೆಯ ಬೆನ್ನಿಗೆ ಹತ್ತಿತು. ಈಗ ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100. ಸಣ್ಣ ಅಕ್ಷರಕ್ಕೆ ಬರೀ ಕಪ್ಪು, ಅದೂ ಓವರ್‌ಪ್ರಿಂಟ್, ಅಂದರೆ ಕೆಳಗಿನ ಬಣ್ಣದ ಮೇಲೆಯೇ ಅಚ್ಚು.

ಬಾರ್‌ಕೋಡ್‌ಗೆ ಬೇರೆ ತಂತ್ರಾಂಶ ಬೇಡ. 977ರಿಂದ ಶುರುವಾಗುವ, ಪತ್ರಿಕೆಗಳ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್‌ನ ಕೋಡನ್ನು ಇದರಲ್ಲೇ ಮಾಡಬಹುದು.

ತಕರಾರುಗಳೂ ಇವೆ. ಲೇಖಕರು ನುಡಿಯ ಹಳೆ ಎನ್‌ಕೋಡಿಂಗ್‌ನಲ್ಲಿ ಕಳಿಸಿದ್ದನ್ನು ಮೊದಲು ಯೂನಿಕೋಡ್‌ಗೆ ತಿರುಗಿಸಬೇಕು, ಇಲ್ಲವಾದರೆ ಎರಚಿದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. 1.6ರಲ್ಲಿ ಉಳಿಸಿದ ಫೈಲ್ 1.4ರಲ್ಲಿ ತೆರೆಯುವುದಿಲ್ಲ. ಒಳಪುಟಗಳ ಉದ್ದುದ್ದ ಲೇಖನಗಳಿಗೆ ಇದನ್ನು ನಾನಂತೂ ಹಚ್ಚುವುದಿಲ್ಲ, ಅದಕ್ಕೆ ಬೇಕಾದ ತಾಳ್ಮೆ ನನಗಿಲ್ಲ.

ಇನ್ನು ಪ್ರೆಸ್ಸು. ಕಾಟನ್‌ಪೇಟೆಯ ಕಡೆ ನಾನು ಕೊಡುವ ಪ್ರೆಸ್‌ನಲ್ಲಿ ಈಗಲೂ ಮೊದಲ ಪ್ರಶ್ನೆ, “ಕೋರಲ್ ಫೈಲ್ ಇಲ್ವಾ ಸಾರ್?” (ಕೋರಲ್‌ಡ್ರಾ ಎಂಬ ಇನ್ನೊಂದು ವಿನ್ಯಾಸ ತಂತ್ರಾಂಶದ ಫೈಲು.) ನೆರಳು, ಪಾರದರ್ಶಕತೆ ಇದ್ದರೆ ಅವನ್ನು ಹಾಗೆಯೇ ಉಳಿಸುವ, ಮುದ್ರಣಕ್ಕೆಂದೇ ಇರುವ ಪಿಡಿಎಫ್ ಎಕ್ಸ್-4 ಕೊಡುತ್ತೇನೆ. ಹಳೆ ಮೆಷಿನ್ ಎಂದರೆ ನೆರಳನ್ನು ಗಿಂಪ್‌ನಲ್ಲೇ ಫೋಟೊಗೆ ಬೆರೆಸಿ, ಪಾರದರ್ಶಕತೆ ಒಪ್ಪದ ಎಕ್ಸ್-1ಎ. ಪ್ರೆಸ್‌ನ ಹುಡುಗ ಅದನ್ನು ತೆರೆದು, ಒತ್ತು ದೀರ್ಘ ಎಲ್ಲ ಸರಿ ಇದೆಯಾ ಎಂದು ಬೆರಳಿಟ್ಟು ನೋಡಿಕೊಂಡು ಪ್ಲೇಟ್‌ಗೆ ಕಳಿಸುತ್ತಾನೆ.