ಸಿದ್ದಾಪುರದ ನರ್ಸರಿ ಸಾಲು: ಮನೆ ಮುಂದಿನ ನಾಲ್ಕಡಿಗೆ ಏನು ತಂದೆ, ಏನು ಬಿಟ್ಟೆ

ಬೆಂಗಳೂರಿನಲ್ಲಿ 30-40ರ ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಕೈತೋಟ ಅಂದರೆ ಕಾಂಪೌಂಡಿಗೂ ಮನೆ ಗೋಡೆಗೂ ನಡುವೆ ಉಳಿಯುವ ಮೂರ್ನಾಲ್ಕು ಅಡಿ ಜಾಗ. ಪದ್ಮನಾಭನಗರದ ನಮ್ಮ ಮನೆಯೂ ಹಾಗೇ. ಪಶ್ಚಿಮಕ್ಕೆ ಗೇಟು. ಒಂದು ಕಡೆ ಕಾರು, ಇನ್ನೊಂದು ಕಡೆ ಸಂಪಿನ ಮುಚ್ಚಳ ಮತ್ತು ನೀರಿನ ಮೀಟರು. ಮಿಕ್ಕಿದ್ದು ಗೋಡೆ ಪಕ್ಕದ ಒಂದು ಪಟ್ಟಿ. ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಒಣಗಿದ ತುಳಸಿ ಕುಂಡ, ಪಾರ್ಥೇನಿಯಂ, ಎಲ್ಲ ಅಲ್ಲೇ ಬಿದ್ದಿದ್ದವು. ಮೇಲಿನ ಮನೆ ಖಾಲಿಯಾದಾಗ ಬಾಡಿಗೆಗೆ ನೋಡಲು ಬಂದವರು ಗೇಟಿನ ಹತ್ತಿರವೇ ಮುಖ ಸಣ್ಣ ಮಾಡುತ್ತಿದ್ದರು. ಒಳಗೆ ಬಂದಮೇಲೆ "ಮನೆ ಚೆನ್ನಾಗಿದೆ ಆಂಟಿ" ಅನ್ನುತ್ತಿದ್ದರು. ಅಂದರೆ ತೊಂದರೆ ಇದ್ದದ್ದು ಮುಂದಿನ ನಾಲ್ಕಡಿಯಲ್ಲಿ.

ನನ್ನ ಷರತ್ತು ಎರಡೇ. ದಿನಾ ನೀರು ಹಾಕುವ ಕೆಲಸ ಇರಬಾರದು. ತಿಂಗಳು ತಿಂಗಳು ಮಾಲಿಯ ದಾರಿ ಕಾಯಬಾರದು. ನನಗೆ ಮಂಡಿನೋವು, ಯಜಮಾನರಿಗೆ ಗಿಡದ ಮೇಲೆ ಪ್ರೀತಿ ಇರುವುದು ಮಾತಿನಲ್ಲಿ ಮಾತ್ರ.

ಮೊದಲು ಬಂದದ್ದು ಒಂದು ಲ್ಯಾಂಡ್‌ಸ್ಕೇಪ್ ಕಂಪನಿಯ ಹುಡುಗ. ಹೆಸರು ಬೇಡ. ಟ್ಯಾಬಿನಲ್ಲಿ ಚಿತ್ರ ತೋರಿಸಿದ: ಮೆಕ್ಸಿಕನ್ ಗ್ರಾಸ್ ಹಾಸು, ಬಿಳಿ ಪೆಬಲ್ಸ್, ಎರಡು ಫಾಕ್ಸ್‌ಟೈಲ್ ಪಾಮ್, ಗೋಡೆ ತುಂಬ ವರ್ಟಿಕಲ್ ಗಾರ್ಡನ್. ಚಿತ್ರವೇನೋ ಚೆನ್ನಾಗಿತ್ತು. ಆದರೆ ಗೇಟು ಯಾವ ದಿಕ್ಕಿಗಿದೆ ಅಂತ ಅವನು ಕೇಳಲಿಲ್ಲ. ನೀರು ಎಲ್ಲಿಂದ ಬರುತ್ತದೆ ಅಂತಲೂ ಕೇಳಲಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತಲ್ಲ, ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಹುಲ್ಲಿನ ಹಾಸುಗಳೆಲ್ಲ ತೆಂಗಿನ ನಾರಿನ ಬಣ್ಣಕ್ಕೆ ತಿರುಗಿದ್ದನ್ನು ನಾನೇ ನೋಡಿದ್ದೇನೆ. ಫಾಕ್ಸ್‌ಟೈಲ್ ಪಾಮ್ ಅಂತೂ ಮೂವತ್ತಡಿ ಬೆಳೆಯುವ ಮರ. ಗೋಡೆಗೆ ಎರಡಡಿ ದೂರದಲ್ಲಿ ನೆಟ್ಟರೆ ಗರಿ ಹೋಗುವುದು ಮೇಲಿನ ಮನೆಯವರ ಕಿಟಕಿಯೊಳಗೆ. ಆಮೇಲೆ ಹೇಳುತ್ತೇನೆ ಅಂತ ಕಳಿಸಿದೆ.

ಲಾಲ್‌ಬಾಗಿಗೆ ಅಂಟಿಕೊಂಡಿರುವ ಸಿದ್ದಾಪುರಕ್ಕೆ ಹೋದದ್ದು ಆಮೇಲೆ. ಗೊತ್ತಿಲ್ಲದವರಿಗೆ: ಇಲ್ಲಿ ಒಂದರ ಪಕ್ಕ ಒಂದು ನರ್ಸರಿಗಳಿವೆ. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ. ಹಸಿರು ನೆಟ್ಟು, ಒದ್ದೆ ನೆಲ, ಕಪ್ಪು ಕವರಿನ ಗಿಡಗಳ ಸಾಲು, ಮೂಲೆಯಲ್ಲಿ ಸಿಮೆಂಟ್ ಬುದ್ಧ. ಮೊದಲು ಸುಮ್ನೆ ಒಂದು ಸುತ್ತು ಹಾಕಿ. ಎಲ್ಲಿ ನೀವು ಕೇಳುವ ಮೊದಲೇ ಅವರು ನಿಮ್ಮನ್ನು ಪ್ರಶ್ನೆ ಕೇಳುತ್ತಾರೋ ಅಲ್ಲಿ ನಿಲ್ಲಿ.

ನಾನು ನಿಂತ ಕಡೆ ಅರವತ್ತು ದಾಟಿದ ಒಬ್ಬರು ಬೀಡಿ ಆರಿಸಿ ಎದ್ದು ಬಂದರು. "ಗೇಟು ಯಾವ ಕಡೆಗಮ್ಮ? ನೀರು ಕಾವೇರಿನೋ ಬೋರೋ? ದನ ಬರ್ತಾವಾ?" ಮೂರೇ ಪ್ರಶ್ನೆ. ಪಶ್ಚಿಮ, ಬೋರು, ಬರುತ್ತವೆ ಅಂದೆ. ನನಗೆ ಕೆಂಪು ಇಕ್ಸೋರಾ, ಅಂದರೆ ಕೇಪಳದ ಹೂವಿನ ಗಿಡ ಬೇಕಿತ್ತು, ಗೋಡೆ ಉದ್ದಕ್ಕೂ. ಅವರು ತಲೆ ಅಲ್ಲಾಡಿಸಿದರು. "ಬೋರ್ ನೀರು, ಸಿಮೆಂಟ್ ಗೋಡೆ. ಎಲೆ ಹಳದಿ ಆಗತ್ತೆ. ಮತ್ತೆ ನನ್ನನ್ನ ಬೈತೀರ." ಇಕ್ಸೋರಾಕ್ಕೆ ಹುಳಿ ಮಣ್ಣು ಬೇಕು. ಗಡಸು ನೀರು ಮತ್ತು ಗೋಡೆಯ ಸುಣ್ಣದಂಶ ಸೇರಿದರೆ ಬೇರು ಕಬ್ಬಿಣದ ಅಂಶ ಎಳೆದುಕೊಳ್ಳಲಾರದು, ನರ ಮಾತ್ರ ಹಸಿರಾಗಿ ಉಳಿದು ಎಲೆ ಬಿಳಿಚಿಕೊಳ್ಳುತ್ತದೆ. ಕೈಯಲ್ಲಿದ್ದ ವ್ಯಾಪಾರ ಬಿಟ್ಟು ಇದನ್ನು ಹೇಳಿದರಲ್ಲ, ಅಲ್ಲೇ ನನಗೆ ನಂಬಿಕೆ ಬಂತು.

ಅವರು ಕೊಟ್ಟದ್ದು ಕುಳ್ಳ ನಂದಿಬಟ್ಟಲು. ಗೋಡೆ ಉದ್ದಕ್ಕೂ ಅದೇ. ಮೊಣಕಾಲೆತ್ತರಕ್ಕೆ ದಟ್ಟವಾಗಿ ನಿಲ್ಲುತ್ತದೆ, ಎಲೆ ಹೊಳೆಯುತ್ತದೆ, ಪೂಜೆಗೂ ಹೂ ಆಯಿತು. ಅದರ ಮುಂದೆ ಅಂಚಿಗೆ ರಿಯೋ. ಎಲೆಯ ಮೇಲ್ಭಾಗ ಹಸಿರು, ಅಡಿಭಾಗ ನೇರಳೆ, ಸಂಜೆ ಬಿಸಿಲು ಅಡ್ಡ ಬಿದ್ದಾಗ ಎರಡೂ ಕಾಣುತ್ತದೆ. ಗೇಟಿನ ಎರಡು ಬದಿ ಕುಂಡದಲ್ಲಿ ಸ್ನೇಕ್ ಪ್ಲಾಂಟ್. ಮೂಲೆಯಲ್ಲಿ ಒಂದೇ ಒಂದು ಕಾಗದದ ಹೂವಿನ ಗಿಡ. ಅದಕ್ಕೆ ನೀರು ಜಾಸ್ತಿ ಹಾಕಿದರೆ ಬರೀ ಎಲೆ ಬರುತ್ತದೆ, ಒಣಗಿಸಿದರೆ ಹೂ ಬಿಡುತ್ತದೆ. ಸೋಮಾರಿಗಳಿಗೆ ಹೇಳಿ ಮಾಡಿಸಿದ ಗಿಡ. ಕಾಂಪೌಂಡಿನ ಹೊರಗೆ ಸ್ಪೈಡರ್ ಲಿಲ್ಲಿ. ನಮ್ಮ ಬೀದಿಯ ದನಗಳು ಇದುವರೆಗೆ ಅದನ್ನು ಮೂಸಿ ಬಿಟ್ಟಿವೆ.

ಡ್ಯುರಾಂಟಾ ಬೇಲಿ ಎಲ್ಲರೂ ಹಾಕುತ್ತಾರೆ, ಚಿನ್ನದ ಬಣ್ಣ ಅಂತ. ಪದೇ ಪದೇ ಕತ್ತರಿ ಆಡಿಸದಿದ್ದರೆ ಅದು ನೆಟ್ಟಗಿರುವುದಿಲ್ಲ. ನಾನು ಬೇಡ ಅಂದೆ.

ಈಗ ನೀವು ಗಮನವಿಟ್ಟು ನೋಡಬೇಕಾದ ಒಂದು ವಿಷಯ. ಇಲ್ಲಿ ಸಿಗುವ ಗಿಡಗಳಲ್ಲಿ ಎಷ್ಟೋ ಇಲ್ಲಿ ಬೆಳೆದವಲ್ಲ. ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂನಿಂದ ಲಾರಿಯಲ್ಲಿ ಬಂದವು. ಅದು ತಪ್ಪೇನಲ್ಲ, ಗಿಡ ದಷ್ಟಪುಷ್ಟವಾಗಿರುತ್ತದೆ. ಆದರೆ ಬೇರಿನ ಸುತ್ತ ಗೋದಾವರಿ ಬಯಲಿನ ಜೇಡಿಮಣ್ಣಿನ ಉಂಡೆ ಇರುತ್ತದೆ. ಅದನ್ನು ಹಾಗೇ ನಮ್ಮ ಕೆಮ್ಮಣ್ಣಿನ ಗುಂಡಿಗೆ ಇಳಿಸಿದರೆ, ಉಂಡೆ ಒಣಗಿ ಗಟ್ಟಿಯಾಗುತ್ತದೆ. ನೀವು ಹಾಕಿದ ನೀರು ಅದರ ಪಕ್ಕದಿಂದ ಜಾರಿ ಕೆಳಗೆ ಹೋಗುತ್ತದೆ. ಸುತ್ತ ಮಣ್ಣು ಒದ್ದೆ, ಗಿಡ ಮಾತ್ರ ಬಾಡುತ್ತಿರುತ್ತದೆ. ನೆಡಲು ಬಂದ ಹುಡುಗ ಮಾಡಿದ್ದು ನೋಡಿ ಕಲಿತೆ. ಕವರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದ. ಉಂಡೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟ, ಗುಳ್ಳೆ ಏಳುವುದು ನಿಲ್ಲುವವರೆಗೆ. ಆಮೇಲೆ ಹೆಬ್ಬೆರಳಿನಿಂದ ಹೊರಗಿನ ಜೇಡಿಯನ್ನು ಮೆಲ್ಲಗೆ ಉದುರಿಸಿದ. ತಳದಲ್ಲಿ ಸುತ್ತಿಕೊಂಡಿದ್ದ ಬೇರನ್ನು ಬಿಡಿಸಿ ಗುಂಡಿಯಲ್ಲಿ ಹರಡಿದ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಒಂದೊಂದು ಗಿಡಕ್ಕೂ ಹೀಗೇ. ಅವನ ಕೂಲಿ ಒಂದು ದಿನದ್ದು, ಒಂದು ರೂಪಾಯಿಯೂ ದಂಡವಾಗಲಿಲ್ಲ.

ಕಲ್ಲು ನರ್ಸರಿಯದ್ದಲ್ಲ, ಬನಶಂಕರಿ ಕಡೆಯ ಕಲ್ಲಿನ ಅಂಗಡಿಯದು. ಮಿಕ್ಕ ಜಾಗಕ್ಕೆ ಸಾದರಹಳ್ಳಿ ಕಲ್ಲಿನ ಬೂದು ಚಪ್ಪಡಿಗಳು, ನಡುವೆ ಜಲ್ಲಿ. ಗೇಟಿನ ಎದುರು ಮಾತ್ರ ಸಂದಿಲ್ಲದೆ ಒಂದೇ ದೊಡ್ಡ ಚಪ್ಪಡಿ ಹಾಕಿಸಿದೆ, ರಂಗೋಲಿಗೆ. ಇದನ್ನು ಯಾವ ಲ್ಯಾಂಡ್‌ಸ್ಕೇಪ್ ಕಂಪನಿಯವರೂ ಯೋಚಿಸುವುದಿಲ್ಲ, ಅಲ್ವಾ? ಬಿಳಿ ಪೆಬಲ್ಸ್ ಬೇಡವೇ ಬೇಡ. ನಮ್ಮ ಊರಿನ ಧೂಳಿಗೆ ಒಂದು ಮಳೆಗಾಲ ಸಾಕು, ಬೂದು ಆಗುತ್ತದೆ, ಪಾಚಿ ಹಿಡಿಯುತ್ತದೆ. ಮೊದಲೇ ಬೂದು ಇರುವ ಕಲ್ಲು ಹಾಕಿದರೆ ಆ ತಲೆನೋವೇ ಇಲ್ಲ. ಗಿಡದ ಬುಡಕ್ಕೆ ತೆಂಗಿನ ಸಿಪ್ಪೆ ಚೂರು, ಒಣ ಎಲೆ ಮುಚ್ಚಿದ್ದೇನೆ. ಕಳೆ ಕಡಿಮೆ, ತೇವ ಉಳಿಯುತ್ತದೆ. ಮೊದಲ ಕೆಲವು ವಾರ ದಿನ ಬಿಟ್ಟು ದಿನ ನೀರು ಕೊಟ್ಟೆ. ಬೇರು ಹಿಡಿದ ಮೇಲೆ ಬೇಸಿಗೆಯಲ್ಲೂ ವಾರಕ್ಕೆ ಎರಡು ಸಲ ಸಾಕಾಗಿದೆ. ಮಳೆಗಾಲದಲ್ಲಿ ಪೈಪು ಮುಟ್ಟುವುದೇ ಇಲ್ಲ.

ಗಿಡ, ಕುಂಡ, ಮಣ್ಣು, ಕಲ್ಲು, ಕೂಲಿ ಎಲ್ಲ ಸೇರಿ ಹದಿನೈದು ಸಾವಿರದ ಆಸುಪಾಸು ಆಯಿತು. ಅರ್ಧಕ್ಕಿಂತ ಜಾಸ್ತಿ ಕಲ್ಲಿಗೇ. ಕಂಪನಿಯ ಕೊಟೇಶನ್ ಇದರ ನಾಲ್ಕು ಪಟ್ಟಿತ್ತು, ಅದರ ಮೇಲೆ ತಿಂಗಳ ಮೇಂಟೆನೆನ್ಸ್ ಬೇರೆ.

ಬೈಯುವುದಕ್ಕೂ ಇದೆ. ಮೊದಲನೆಯದು, ದನ ತಿನ್ನಲ್ಲ ಅಂತ ಹೊರಗಡೆಗೆ ಕಣಗಿಲೆ ಹಾಕಿ ಅಂದರು. ದನ ಯಾಕೆ ತಿನ್ನಲ್ಲ ಅಂತ ಹೇಳಲಿಲ್ಲ. ಕಣಗಿಲೆಯ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಮೊಮ್ಮಗ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ನನಗೆ ಗೊತ್ತಿತ್ತು, ಸರಿ. ಗೊತ್ತಿಲ್ಲದವರ ಗತಿ? ಮಕ್ಕಳಿದ್ದಾರಾ ಅನ್ನುವುದು ಅವರ ನಾಲ್ಕನೇ ಪ್ರಶ್ನೆ ಆಗಬೇಕಿತ್ತು. ಎರಡನೆಯದು, ಬಿಲ್ಲು ಇಲ್ಲ. ಚೀಟಿಯಲ್ಲಿ ಬರೆದು ಕೊಡುತ್ತಾರೆ. ಗಿಡ ಸತ್ತರೆ ನಿಮ್ಮ ಹಣೆಬರಹ. ಮೂರನೆಯದು, ಕುಂಡದ ರೇಟು. ಗಿಡದಲ್ಲಿ ಬಿಟ್ಟ ಲಾಭವನ್ನೆಲ್ಲ ಕುಂಡದಲ್ಲಿ ತೆಗೆಯುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಬರಬೇಕಿದ್ದ ಟೆಂಪೋ ಮಧ್ಯಾಹ್ನ ಊಟದ ಹೊತ್ತಿಗೆ ಬಂತು, ಅದನ್ನು ಬಿಡಿ, ಬೆಂಗಳೂರು.

ಚೌಕಾಸಿ ಬಗ್ಗೆ: ಒಂದೊಂದೇ ಗಿಡಕ್ಕೆ ಮಾಡಬೇಡಿ. ಎಲ್ಲ ಆರಿಸಿ ಒಂದು ಕಡೆ ಇಟ್ಟು, ಒಟ್ಟು ಎಷ್ಟು ಅಂತ ಕೇಳಿ. ಆಗ ಚೆನ್ನಾಗಿ ಇಳಿಸುತ್ತಾರೆ. ದೊಡ್ಡ ಗಿಡಕ್ಕೆ ಆಸೆ ಪಡಬೇಡಿ, ಸಣ್ಣದು ಬೇಗ ಬೇರು ಹಿಡಿಯುತ್ತದೆ, ದುಡ್ಡೂ ಕಡಿಮೆ. ಹೂ ತುಂಬಿದ ಗಿಡಕ್ಕಿಂತ ಹೊಸ ಚಿಗುರಿರುವ ಗಿಡ ತೆಗೆದುಕೊಳ್ಳಿ. ದಾಸವಾಳ ಕೊಳ್ಳುವುದಾದರೆ ಎಲೆ ತಿರುಗಿಸಿ ನೋಡಿ, ಬಿಳಿ ಹಿಟ್ಟಿನಂಥದ್ದು ಕಂಡರೆ ಅದು ಹಿಟ್ಟು ತಿಗಣೆ, ವಾಪಸ್ ಇಡಿ.

ಗಿಡಗಳಿಗೆ ಐದಕ್ಕೆ ನಾಲ್ಕೂವರೆ, ಸಲಹೆಗೆ ನಾಲ್ಕು, ಕುಂಡಗಳಿಗೆ ಎರಡು. ಜೂನ್, ಜುಲೈಯಲ್ಲಿ ಹೋಗಿ, ನೆಟ್ಟದ್ದಕ್ಕೆ ಮಳೆಯೇ ನೀರು ಹಾಕುತ್ತದೆ. ಜನವರಿ ಮತ್ತು ಆಗಸ್ಟ್‌ನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನಡೆಯುವ ದಿನಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಮತ್ತೆ, ಕೆಮ್ಮಣ್ಣಿನ ಮೂಟೆ ತೆಗೆದುಕೊಂಡರೆ ಅಲ್ಲೇ ಬಿಚ್ಚಿಸಿ ಕೈ ಹಾಕಿ ನೋಡಿ. ನಮಗೆ ಬಂದದ್ದರಲ್ಲಿ ಒಂದು ಮೂಟೆಯ ತಳದಲ್ಲಿ ಇಟ್ಟಿಗೆ ಚೂರಿತ್ತು, ಅದು ನಮ್ಮ ಮನೇಲೇ ಬೇಕಾದಷ್ಟಿತ್ತು.