ಹಳೆಯ ಮರದ ಬೀರು, ಡ್ರಾಯರ್ ಕಪಾಟು, ಸಂದೂಕ: ಹಲವು ವರ್ಷ ಬಳಸಿದ ಮೇಲೆ

ನಮ್ಮ ಮನೆಯ ಬಟ್ಟೆ, ಹೊದಿಕೆ, ಕಾಗದಪತ್ರಗಳೆಲ್ಲ ಬಹಳ ಕಾಲದಿಂದ ಮೂರು ಹಳೆಯ ಮರದ ಸಾಮಾನುಗಳಲ್ಲಿವೆ: ಎರಡು ಬಾಗಿಲಿನ ತೇಗದ ಬೀರು, ಓಕ್ ಮರದ ಡ್ರಾಯರ್ ಕಪಾಟು, ಮುಚ್ಚಳವಿರುವ ದೊಡ್ಡ ಸಂದೂಕ. ಮೂರೂ ಬೇರೆಯವರ ಮನೆಗಳಲ್ಲಿ ಬಾಳಿ ಬಂದಂಥವು. ಹಳೆಯದು ಎಂಬ ಅಭಿಮಾನಕ್ಕಾಗಿ ಇವನ್ನು ಇಟ್ಟುಕೊಂಡಿಲ್ಲ. ಕೆಟ್ಟರೆ ಬಿಚ್ಚಬಹುದು, ಸರಿಪಡಿಸಬಹುದು, ಮತ್ತೆ ಜೋಡಿಸಬಹುದು, ಅದಕ್ಕಾಗಿ ಇಟ್ಟುಕೊಂಡಿದ್ದೇನೆ.

ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಕಪಾಟಿನಲ್ಲಿ ಬಿಜಾಗರಿಯ ಸ್ಕ್ರೂ ಕಿತ್ತುಬಂದರೆ ಸುತ್ತಲಿನ ಹಲಗೆಯೇ ಪುಡಿಯಾಗಿ ಉದುರುತ್ತದೆ. ಅದೇ ತೂತಿನಲ್ಲಿ ಸ್ಕ್ರೂ ಮತ್ತೆ ಹಿಡಿಯುವುದು ಕಷ್ಟ. ಗಟ್ಟಿ ಮರವಾದರೆ ಹಳೆಯ ತೂತಿಗೆ ಮರದ ಗೂಟ ಬಡಿದು ಅಂಟಿಸಿ, ಅದರ ಮೇಲೆ ಹೊಸ ತೂತು ಕೊರೆದರೆ ಆಯಿತು. ನಮ್ಮ ಬೀರಿನ ಎಡ ಬಾಗಿಲು ಜೋತುಬಿದ್ದಾಗ ಮಾಡಿದ್ದು ಇಷ್ಟೇ. ಅದು ಇಂದಿಗೂ ಅಲುಗಿಲ್ಲ. ಅಂಟಿನ ವಿಷಯವೂ ಹೀಗೆಯೇ. ಇಪ್ಪತ್ತನೇ ಶತಮಾನದಲ್ಲಿ ರಾಸಾಯನಿಕ ಅಂಟುಗಳು ಬರುವವರೆಗೂ ಬಡಗಿಗಳು ಹೆಚ್ಚಾಗಿ ನೆಚ್ಚಿಕೊಂಡಿದ್ದು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಸರೇಸನ್ನು. ಬಿಸಿಯೂ ತೇವವೂ ತಾಗಿದರೆ ಅದು ಮೆತ್ತಗಾಗುತ್ತದೆ. ಆದ್ದರಿಂದ ಸಡಿಲಾದ ಕೀಲನ್ನು ಮರ ಸೀಳದಂತೆ ಬಿಡಿಸಿ, ಹಳೆಯ ಅಂಟನ್ನು ಬಿಸಿನೀರಿನಲ್ಲಿ ಒರೆಸಿ ತೆಗೆದು, ಹೊಸ ಸರೇಸು ಹಚ್ಚಿ ಕೂಡಿಸಬಹುದು. ಅಂಥ ಕೀಲಿನೊಳಗೆ ಎಪಾಕ್ಸಿ ಎಂಬ, ಸುಲಭಕ್ಕೆ ಬಿಡದ ರಾಸಾಯನಿಕ ಅಂಟು ಸುರಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇನ್ನು ಐವತ್ತು ವರ್ಷ ಬಿಟ್ಟು ಅದನ್ನು ರಿಪೇರಿ ಮಾಡಬೇಕಾದವರ ದಾರಿಯನ್ನು ಇಂದೇ ಮುಚ್ಚಿದಂತೆ ಅದು.

ಕೊಳ್ಳುವಾಗ ಮುಂಭಾಗದ ಕೆತ್ತನೆ, ಹಿತ್ತಾಳೆಯ ಹಿಡಿಕೆಗಳನ್ನು ನೋಡಿ ನಿರ್ಧರಿಸಬೇಡಿ. ಡ್ರಾಯರನ್ನು ಪೂರ್ತಿ ಹೊರಗೆಳೆದು ತಲೆಕೆಳಗು ಮಾಡಿ. ಹಲ್ಲುಹಲ್ಲಾಗಿ ಒಂದಕ್ಕೊಂದು ಕಚ್ಚಿಕೊಳ್ಳುವ ಮೂಲೆಯ ಡವ್‌ಟೇಲ್ ಕೀಲು ಕೈಕೆಲಸದ್ದಾಗಿದ್ದರೆ ಹಲ್ಲುಗಳ ಅಗಲದಲ್ಲಿ ತುಸು ಏರುಪೇರು ಇರುತ್ತದೆ, ಅಳತೆಗಾಗಿ ಬಡಗಿ ಎಳೆದ ಸಣ್ಣ ಗೀರು ಉಳಿದಿರುತ್ತದೆ. ಎಲ್ಲ ಹಲ್ಲುಗಳೂ ಒಂದೇ ಅಳತೆಯವಾದರೆ ಯಂತ್ರದ ಕೆಲಸ. ಅರೆವೃತ್ತಗಳ ನಡುವೆ ದುಂಡನೆಯ ಗೂಟ ಕಾಣುವ ವಿಚಿತ್ರ ಕೀಲೊಂದಿದೆ. ಅದು ಚಾರ್ಲ್ಸ್ ನ್ಯಾಪ್ ಎಂಬ ಅಮೆರಿಕನ್ನನ ಯಂತ್ರದ್ದು, 1870ರ ದಶಕದಿಂದ ಸುಮಾರು 1900ರವರೆಗೆ ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಅದು ಕಂಡರೆ ಸಾಮಾನಿನ ಕಾಲ ಹೆಚ್ಚುಕಡಿಮೆ ಕೈಗೆ ಸಿಕ್ಕಂತೆ. ತಲೆಯ ಮೇಲೆ ಕೂಡಿಸುವ ಚಿಹ್ನೆಯಿರುವ ಸ್ಕ್ರೂಗಳು ಮಾರುಕಟ್ಟೆಗೆ ಬಂದದ್ದು 1930ರ ದಶಕದಲ್ಲಿ. ಇನ್ನೂರು ವರ್ಷದ್ದು ಎಂದು ಮಾರುವ ಪೆಟ್ಟಿಗೆಯಲ್ಲಿ ಅವು ಕಂಡರೆ ಒಂದೋ ರಿಪೇರಿಯಾಗಿದೆ, ಇಲ್ಲವೇ ಹೇಳಿದ ವಯಸ್ಸು ಸುಳ್ಳು. ಅಂದಹಾಗೆ ಆಂಟಿಕ್ ಎಂಬುದಕ್ಕೆ ಅಂತರರಾಷ್ಟ್ರೀಯ ಸುಂಕದ ಪಟ್ಟಿಯಲ್ಲಿ ನೂರು ವರ್ಷ ದಾಟಿರಬೇಕೆಂಬ ನಿಯಮವಿದೆ. ವಿಂಟೇಜ್ ಎಂಬುದಕ್ಕೆ ಅಂಥ ಗೆರೆ ಇಲ್ಲ; ಮಾರುವವನು ಕರೆದದ್ದೇ ವಿಂಟೇಜ್. ಬೀಟೆ ಜಾತಿಯ ಮರದ ಸಾಮಾನನ್ನು ಗಡಿ ದಾಟಿಸುವ ಯೋಚನೆಯಿದ್ದರೆ ಮೊದಲೇ ವಿಚಾರಿಸಿಕೊಳ್ಳಿ. 2017ರಿಂದ ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ ಅಳಿವಿನಂಚಿನ ಜೀವಿಗಳ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿವೆ.

ಬಳಸುತ್ತಾ ಹೋದಂತೆ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸಿದ್ದು ಬೀರಿನ ಬಾಗಿಲು. ಮರ ಕಡಿದು ಎಷ್ಟು ಕಾಲವಾದರೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಉದ್ದಕ್ಕೆ ಅದು ಬದಲಾಗುವುದು ಲೆಕ್ಕಕ್ಕಿಲ್ಲ. ಅಗಲಕ್ಕೆ ಮಾತ್ರ ಕಾಲಕಾಲಕ್ಕೆ ಹಿಗ್ಗಿ ಕುಗ್ಗುತ್ತದೆ. ಇದನ್ನರಿತ ಬಡಗಿ ಅಗಲವಾದ ಹಲಗೆಯನ್ನು ಚೌಕಟ್ಟಿಗೆ ಅಂಟಿಸುವುದಿಲ್ಲ. ಚೌಕಟ್ಟಿನ ಒಳ ಅಂಚಿನಲ್ಲಿ ಕೊರೆದ ತೋಡಿನೊಳಗೆ ಸುಮ್ಮನೆ ಕೂರಿಸಿ, ಸುತ್ತ ಕೂದಲೆಳೆಯ ಜಾಗ ಬಿಡುತ್ತಾನೆ. ಒಣ ಹವೆಯಲ್ಲಿ ನಮ್ಮ ಬೀರಿನ ಬಾಗಿಲ ಹಲಗೆ ತುಸು ಕುಗ್ಗಿ, ಅಂಚಿನಲ್ಲಿ ಪಾಲಿಷ್ ಕಾಣದ ಬಿಳಿ ಗೆರೆಯೊಂದು ಇಣುಕುತ್ತದೆ. ತೇವದ ದಿನಗಳಲ್ಲಿ ಅದು ಮಾಯ. ಆ ಸಂದಿಯನ್ನು ಬಿರುಕೆಂದು ಭಾವಿಸಿ ಅಂಟು ತುಂಬಿದರೆ ಹಲಗೆಗೆ ಹಂದಾಡಲು ಜಾಗವಿಲ್ಲದೆ ನಡುವೆಯೇ ಸೀಳುತ್ತದೆ. ಹಾಗೆ ಸೀಳಿದ ಹಳೆಯ ಬಾಗಿಲುಗಳು ಮಾರಾಟಕ್ಕೆ ಬಂದಲ್ಲೆಲ್ಲ ಕಾಣುತ್ತವೆ, ಪ್ರತಿಸಲವೂ ಬೇಸರವಾಗುತ್ತದೆ. ಬೀರನ್ನು ಹೀಟರಿನ ಪಕ್ಕ, ಹವಾನಿಯಂತ್ರಕದ ಗಾಳಿ ನೇರ ಬಡಿಯುವಲ್ಲಿ, ಬಿಸಿಲು ಬೀಳುವ ಕಿಟಕಿಯ ಎದುರು ಇಡಬಾರದೆಂಬುದಕ್ಕೂ ಇದೇ ಕಾರಣ. ಕೋಣೆಯ ಆರ್ದ್ರತೆ ಶೇ. 40ರಿಂದ 60ರ ನಡುವೆ ಸ್ಥಿರವಾಗಿದ್ದರೆ ಮರ ತಂಟೆ ಮಾಡುವುದಿಲ್ಲ.

ಡ್ರಾಯರ್ ಬಿಗಿಯಾಗುವುದೂ ಇದರದೇ ಇನ್ನೊಂದು ಮುಖ. ತೇವದ ಕಾಲದಲ್ಲಿ ಬಿಗಿಯಾಯಿತೆಂದು ಕೀಸುಳಿ ಹಿಡಿಯಬೇಡಿ. ಹವೆ ಒಣಗಿದಾಗ ಅದೇ ಡ್ರಾಯರ್ ಗಡಗಡ ಎನ್ನುತ್ತದೆ. ನಾನು ಜಾರುಪಟ್ಟಿಗೂ ಡ್ರಾಯರಿನ ಕೆಳ ಅಂಚಿಗೂ ಮೇಣದಬತ್ತಿ ಉಜ್ಜುತ್ತೇನೆ, ಅಷ್ಟರಿಂದಲೇ ವರ್ಷದ ಬಹುಪಾಲು ಸಲೀಸು. ಎಣ್ಣೆ ಹಚ್ಚಿದರೆ ಧೂಳು ಕೂತು ಇನ್ನಷ್ಟು ಬಿಗಿಯಾಗುತ್ತದೆ. ನಮ್ಮ ಕಪಾಟಿನ ಮೇಲಿನ ಡ್ರಾಯರ್ ಸವೆದು ಮೂತಿ ಕೆಳಗೆ ಮಾಡಿಕೊಂಡಿತ್ತು. ದಶಕಗಳ ಎಳೆದಾಟದಲ್ಲಿ ಅಕ್ಕಪಕ್ಕದ ಹಲಗೆಗಳ ತಳ ಓರೆಯಾಗಿ ತೇದುಹೋಗಿತ್ತು. ಬಡಗಿಯೊಬ್ಬರು ತೇದ ಭಾಗವನ್ನು ನೇರ ಮಾಡಿ, ಅದೇ ಜಾತಿಯ ಮರದ ಪಟ್ಟಿ ಕೂರಿಸಿಕೊಟ್ಟರು. ಈಗ ಒಂದು ಬೆರಳಿನಲ್ಲಿ ತಳ್ಳಿದರೆ ಒಳಗೆ ಹೋಗುತ್ತದೆ. ಲೋಹದ ಹಳಿ ಹಾಕಿಸಿ ಎಂದವರೂ ಇದ್ದರು. ಅದಕ್ಕೆ ಡ್ರಾಯರಿನ ಅಗಲ ಕತ್ತರಿಸಬೇಕಾಗುತ್ತದೆ, ನಾನು ಒಪ್ಪಲಿಲ್ಲ.

ಹುಳುವಿನ ತೂತು ಕಂಡೊಡನೆ ಬೆದರಬೇಕಿಲ್ಲ. ಪೀಠೋಪಕರಣ ಕೊರೆಯುವ ಸಾಮಾನ್ಯ ಜೀರುಂಡೆ ಹೊರಬರುವ ತೂತು ಒಂದೂವರೆಯಿಂದ ಎರಡು ಮಿಲಿಮೀಟರ್ ಇರುತ್ತದೆ. ಅದರ ಮರಿಹುಳು ಒಳಗೆ ಹಲವು ವರ್ಷ ಮೇಯ್ದ ಮೇಲಷ್ಟೇ ಆ ತೂತು ಮೂಡುತ್ತದೆ. ತೂತಿನ ಅಂಚು ಕಪ್ಪಾಗಿ, ಒಳಗೆ ಧೂಳು ತುಂಬಿದ್ದರೆ ಹಳೆಯ ಕಥೆ. ಅಂಚು ತಿಳಿಯಾಗಿದ್ದು ಕೆಳಗೆ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಹುಳು ಇನ್ನೂ ಇದೆ. ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಟ್ಟು ನೋಡುವುದು ನನ್ನ ಪದ್ಧತಿ. ತೇಗದ ಚೇಗನ್ನು, ಅಂದರೆ ನಡುವಿನ ಗಟ್ಟಿ ಭಾಗವನ್ನು, ಹುಳು ಸುಲಭಕ್ಕೆ ಮುಟ್ಟುವುದಿಲ್ಲ; ಹಿಂಬದಿಗೆ ಬಡಿದ ಅಗ್ಗದ ಹಲಗೆ, ಮರದ ಬಿಳಿ ಭಾಗ ಇವುಗಳನ್ನೇ ತಟ್ಟಿ ನೋಡಿ.

ವಾಸನೆಯ ದೂರು ಬಹಳ ಜನರದ್ದು. ಸಂದೂಕದ ಮುಗ್ಗಲು ವಾಸನೆ ಹೋಗಲು ಮುಚ್ಚಳ ತೆರೆದು ನೆರಳಿನ ಗಾಳಿಗೆ ಬಿಟ್ಟೆವು, ಒಳಗೆ ಒರೆಸಿ ಒಣಗಿಸಿ ಅರಗಿನ ಮೆರುಗನ್ನು ತೆಳುವಾಗಿ ಬಳಿದೆವು. ಅರಗು ವಾಸನೆಯನ್ನು ಮರದೊಳಗೇ ತಡೆದು ಹಿಡಿಯುತ್ತದೆ. ಓಕ್ ಕಪಾಟಿನದ್ದು ಮೂಗಿಗೆ ತಿಳಿಯದ ತೊಂದರೆ: ಓಕ್ ಮರ ಎಷ್ಟು ಹಳೆಯದಾದರೂ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಮುಚ್ಚಿದ ಡ್ರಾಯರಿನಲ್ಲಿ ಅದು ಸೀಸದ ವಸ್ತುಗಳನ್ನು ಬಿಳಿಪುಡಿಯಾಗಿಸುತ್ತದೆ, ಕಾಗದಕ್ಕೂ ಒಳ್ಳೆಯದಲ್ಲ. ಹಾಗಾಗಿ ಓಕಿನಲ್ಲಿ ನಿತ್ಯ ಬಳಸುವ ಬಟ್ಟೆ ಮಾತ್ರ, ಅದೂ ತೊಳೆದ ಹತ್ತಿ ಬಟ್ಟೆ ಹಾಸಿದ ಮೇಲೆ. ಫೋಟೋ, ದಾಖಲೆಗಳು ಆಮ್ಲರಹಿತ ಕಾಗದದ ಪೆಟ್ಟಿಗೆಯಲ್ಲಿ ತೇಗದ ಬೀರಿಗೆ ಹೋದವು.

ಹಳೆಯ ಪಾಲಿಷ್ ಬಗ್ಗೆ ಒಂದೇ ಮಾತು: ಕೆರೆದು ತೆಗೆಯಬೇಡಿ. ಅರಗಿನ ಮೆರುಗು ಸ್ಪಿರಿಟ್ಟಿನಲ್ಲಿ ಕರಗುವುದರಿಂದ ಹೊಸ ಲೇಪ ಹಳೆಯದರಲ್ಲೇ ಬೆರೆಯುತ್ತದೆ. ಬಣ್ಣ ಬಳಿದ ಹಳೆಯ ಸಾಮಾನಾದರೆ ಉಜ್ಜುಕಾಗದ ಮುಟ್ಟುವ ಮೊದಲು ಬಣ್ಣದಲ್ಲಿ ಸೀಸವಿದೆಯೇ ಎಂದು ಪರೀಕ್ಷೆ ಮಾಡಿಸಿ. ಸೀಸದ ಧೂಳು ಮಕ್ಕಳ ಮೈಗೆ ವಿಷ.

ನನ್ನ ನಿಜವಾದ ದೂರು ಬೀರಿನ ಆಳದ ಮೇಲೆ. ಒಳಗಿನ ಆಳ 45 ಸೆಂಟಿಮೀಟರ್ ಸಹ ಇಲ್ಲ. ಅಂಗಿ ತೂಗುವ ಹ್ಯಾಂಗರಿಗೆ 55ರಿಂದ 60 ಬೇಕು. ಈ ಬೀರನ್ನು ಮಾಡಿದ್ದು ಮಡಚಿದ ಬಟ್ಟೆಗೆ, ಕೊಕ್ಕೆಗೆ. ಅಡ್ಡ ಕಂಬಿಯ ಬದಲು ಹಿಂದಿನಿಂದ ಮುಂದಕ್ಕೆ ಬರುವ ಕಂಬಿಯೊಂದನ್ನು ಮೇಲಿನ ಹಲಗೆಗೆ ಹಾಕಿಸಿದೆ. ಅಂಗಿಗಳು ಬಾಗಿಲಿಗೆ ಮುಖ ಮಾಡಿ ತೂಗುತ್ತವೆ. ಹಿಡಿಸುವುದು ಕಡಿಮೆ, ಬಾಗಿಲಂತೂ ಮುಚ್ಚುತ್ತದೆ. ಭಾರದ ದೂರು ನನಗಿಲ್ಲ, ಏಕೆಂದರೆ ಮೇಲಿನ ಕಿರೀಟ, ಬಾಗಿಲು, ಬದಿಗಳು ಬೆಣೆ ತೆಗೆದರೆ ಬೇರೆ ಬೇರೆಯಾಗುತ್ತವೆ. ಇದು ಎಲ್ಲ ಹಳೆಯ ಬೀರುಗಳಲ್ಲೂ ಇರುವುದಿಲ್ಲ. ಕೊಳ್ಳುವ ಮೊದಲು ಕೇಳಿ, ಮೆಟ್ಟಿಲನ್ನೂ ಅಳೆಯಿರಿ.

ಮಕ್ಕಳಿರುವ ಮನೆಯವರು ಎರಡು ಕೆಲಸಗಳನ್ನು ಸಾಮಾನು ತಂದ ದಿನವೇ ಮಾಡಬೇಕು. ಡ್ರಾಯರ್ ಕಪಾಟನ್ನು ಗೋಡೆಗೆ ಪಟ್ಟಿಯಿಂದ ಬಿಗಿಯಿರಿ: ಡ್ರಾಯರ್‌ಗಳೆಲ್ಲ ಒಟ್ಟಿಗೆ ಹೊರಬಂದು ಮಗು ಅವುಗಳ ಮೇಲೆ ಹತ್ತಿದರೆ ಭಾರದ ಕಪಾಟೂ ಮುಂದಕ್ಕೆ ಮಗುಚಬಹುದು. ಸಂದೂಕದ ಬೀಗ ಮುಚ್ಚಳ ಬಿದ್ದೊಡನೆ ತಾನಾಗಿ ಕಚ್ಚಿಕೊಳ್ಳುವಂಥದ್ದೇ ಎಂದು ಪರೀಕ್ಷಿಸಿ. ಅಂಥ ಬೀಗಗಳಿದ್ದ ದೇವದಾರು ಪೆಟ್ಟಿಗೆಗಳು 1912ರಿಂದ 1987ರವರೆಗೆ ಅಮೆರಿಕದಲ್ಲಿ ತಯಾರಾಗಿದ್ದವು. ಒಳಗೆ ಸಿಕ್ಕಿಕೊಂಡ ಮಕ್ಕಳು ಉಸಿರುಗಟ್ಟಿ ಸತ್ತ ಮೇಲೆ ಬೀಗಗಳನ್ನು ಬದಲಿಸಲು ಕರೆ ಕೊಡಲಾಯಿತು. ನಮ್ಮ ಸಂದೂಕದ ಕಚ್ಚುವ ನಾಲಿಗೆಯನ್ನು ಬಿಚ್ಚಿ, ಸ್ಕ್ರೂಗಳ ಸಮೇತ ಚೀಟಿ ಬರೆದ ಚೀಲದಲ್ಲಿಟ್ಟು ಬೀರಿನ ಕೆಳಗಿನ ಖಾನೆಯಲ್ಲಿ ಇರಿಸಿದ್ದೇನೆ. ಮುಚ್ಚಳ ಅರ್ಧದಲ್ಲೇ ನಿಲ್ಲುವಂತೆ ಎರಡೂ ಬದಿಗೆ ಆಸರೆ ಕೂರಿಸಿದ್ದೇನೆ.