ಶಹಾಬಜಾರದ ಉಸ್ತಾದರ ಅಂಗಳ: ಹಳೆಯ ಬುಲೆಟ್ಟಿನ ಗೇರ್‌ಬಾಕ್ಸ್ ರಿಪೇರಿಗೆ ಕೊಡಬಹುದೇ?

ಕೊಡಬಹುದು. ಅವಸರವಿದ್ದವರು ಮಾತ್ರ ಆ ಕಡೆ ಹೋಗಬೇಡಿ. ಕಲಬುರಗಿಯ ಶಹಾಬಜಾರದಲ್ಲಿರುವ ಈ ವರ್ಕ್‌ಶಾಪಿಗೆ ಫಲಕವಿಲ್ಲ, ಹೆಸರೂ ಇಲ್ಲ. ಅದು ಉಸ್ತಾದರ ಮನೆಯ ಅಂಗಳ. ತಗಡಿನ ನೆರಳು, ಒಂದು ವೈಸ್, ಗೋಡೆಯ ಮೊಳೆಗಳಿಗೆ ನೇತುಬಿದ್ದ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯ ಪಾನಾಗಳು. ಆ ಪಾನಾ ಕಂಡೊಡನೆಯೇ ನನಗೆ ಅರ್ಧ ಧೈರ್ಯ ಬಂತು. ಬ್ರಿಟಿಷ್ ಅಳತೆಯ ನಟ್ಟಿಗೆ ಮಿಲಿಮೀಟರ್ ಪಾನಾ ಸಿಕ್ಕಿಸಿ ಮೂಲೆ ಸವೆಸಿ ಕೊಡುವವರು ಊರ ತುಂಬ ಇದ್ದಾರೆ.

ನನ್ನದು ತಂದೆಯವರ ಕಾಲದ, 1982ರ ಬುಲೆಟ್ 350. ಆಲ್ಬಿಯನ್ ಎಂಬ ಹಳೆಯ ಬ್ರಿಟಿಷ್ ಮಾದರಿಯ, ನಾಲ್ಕು ಗೇರಿನ ಪೆಟ್ಟಿಗೆ. ಬಲಗಾಲಿನಲ್ಲಿ ಮೊದಲ ಗೇರು ಮೇಲೆ, ಉಳಿದ ಮೂರು ಕೆಳಗೆ. ಜೊತೆಗೆ ನ್ಯೂಟ್ರಲ್ಲಿಗೆ ತರುವ ಪುಟ್ಟ ಲಿವರ್. ರೈಲ್ವೆ ಮೇಲ್ಸೇತುವೆ ಏರುವಾಗ ಎರಡನೆಯ ಗೇರು ತಾನಾಗಿ ಕಳಚಿಕೊಳ್ಳುತ್ತಿತ್ತು, ಒಳಗಿನಿಂದ ಗೊರಗೊರ ಸದ್ದು ಬೇರೆ. ಮೊದಲು ತೋರಿಸಿದ ಅಂಗಡಿಯವರು ಪೆಟ್ಟಿಗೆಯನ್ನೇ ಎಸೆದು ಐದು ಗೇರಿನದು ಕೂರಿಸೋಣ ಎಂದರು. ಹಲ್ಲುನೋವಿಗೆ ತಲೆ ಬದಲಿಸುವ ವೈದ್ಯ!

ಉಸ್ತಾದರು ಕೂಡಲೇ ಬಿಚ್ಚಲಿಲ್ಲ. ತಾವೇ ಒಂದು ಸುತ್ತು ಓಡಿಸಿಕೊಂಡು ಬಂದು, “ತಮ್ಮಾ, ನಾಲ್ಕರಲ್ಲಿ ಈ ಸದ್ದು ನಿಲ್ಲುತ್ತದೆ, ಗಮನಿಸಿದ್ದೀಯಾ?” ಎಂದರು. ನಾಲ್ಕನೆಯ ಗೇರಿನಲ್ಲಿ ಪೆಟ್ಟಿಗೆಯ ಮುಖ್ಯ ದಂಡವಾದ ಮೇನ್‌ಶಾಫ್ಟ್, ಹಿಂಚಕ್ರದ ಚೈನು ಎಳೆಯುವ ಸ್ಪ್ರಾಕೆಟ್ಟನ್ನೇ ನೇರವಾಗಿ ತಿರುಗಿಸುತ್ತದೆ. ಕೆಳಗಿನ ಮೂರರಲ್ಲಿ ಬಲವೆಲ್ಲ ಅದರ ಪಕ್ಕದ ಎರಡನೆಯ ದಂಡವಾದ ಲೇಶಾಫ್ಟನ್ನು ಹಾದು ಬರಬೇಕು. ಸದ್ದಿನ ಮೂಲ ಪಾನಾ ಹಿಡಿಯುವ ಮೊದಲೇ ಸಿಕ್ಕಿತ್ತು. ಆಮೇಲೆ ಹೊರಮುಚ್ಚಳ ತೆಗೆದು, ಗೇರನ್ನು ಒಂದೊಂದೇ ಹೆಜ್ಜೆ ದಾಟಿಸುವ ರ್ಯಾಚೆಟ್ಟಿನ ಸ್ಟಾಪ್ ಪ್ಲೇಟಿನ ಎರಡು ಬೋಲ್ಟು ಸಡಿಲಿಸಿ ಸ್ವಲ್ಪ ಸರಿಸಿ ನೋಡಿದರು. ಎಷ್ಟೋ ಗಾಡಿಗಳ ಗೇರು ಇಷ್ಟರಲ್ಲೇ ಸರಿಹೋಗುತ್ತದೆ, ಖರ್ಚಿಲ್ಲದೆ. ನನ್ನದು ಹೋಗಲಿಲ್ಲ.

ಎಂಜಿನ್ ಇಳಿಸುವ ಪ್ರಮೇಯ ಬರಲಿಲ್ಲ. ಎಡಗಡೆ ಕ್ಲಚ್ ಮತ್ತು ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನು ಬಿಚ್ಚಿದರೆ ಒಳಗಿನ ಗೇರುಗಳೆಲ್ಲ ಬಲಗಡೆಯಿಂದ ಹೊರಬರುತ್ತವೆ, ಕವಚ ಫ್ರೇಮಿನಲ್ಲೇ ಉಳಿಯುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟರು. ಎರಡನೆಯ ಗೇರಿನ ಡಾಗುಗಳ, ಅಂದರೆ ಪಕ್ಕದ ಗೇರನ್ನು ಕಚ್ಚಿ ಹಿಡಿಯುವ ಗೂಟಗಳ, ಚೂಪು ಅಂಚು ಉರುಟಾಗಿತ್ತು, ಗೇರನ್ನು ಆಚೀಚೆ ಸರಿಸುವ ಸೆಲೆಕ್ಟರ್ ಫೋರ್ಕಿನ ಒಂದು ಮಗ್ಗುಲು ತೆಳ್ಳಗಾಗಿತ್ತು, ಲೇಶಾಫ್ಟ್ ತಿರುಗುವ ಬಳೆ, ಅಂದರೆ ಬುಶ್, ಸವೆದಿತ್ತು. ಡಾಗು ಸವೆದ ಗೇರು ಒಂದನ್ನೇ ಬದಲಿಸಿದರೆ ಸಾಲದು, ಅದು ಕಚ್ಚುವ ಜೋಡಿಯನ್ನೂ ಹಾಕಬೇಕು ಎಂದರು. ಆದರೆ ಕಿಕ್ ಒದ್ದಾಗ ಗೇರಿಗೆ ಕಚ್ಚುವ ಕೊಕ್ಕೆಯಾದ ಪಾಲ್ ಚೆನ್ನಾಗಿದೆಯೆಂದು ಹಳೆಯದನ್ನೇ ಇಟ್ಟರು. ಅದಕ್ಕೂ ದುಡ್ಡು ಕೇಳಿದ್ದರೆ ನಾನು ಕೊಡುತ್ತಿದ್ದೆ.

ನಾನು ತಂದುಕೊಟ್ಟ ಹೊಸ ಗೇರಿನ ಅಂಚಿಗೆ ಅರ ಉಜ್ಜಿ ನೋಡಿದರು. ಗಟ್ಟಿಮಾಡಿದ ಉಕ್ಕಿನ ಮೇಲೆ ಅರ ಜಾರಬೇಕು. ಇಲ್ಲಿ ಪುಡಿ ಉದುರಿತು. “ಇದು ಮಳೆಗಾಲ ದಾಟುವುದಿಲ್ಲ” ಎಂದು ವಾಪಸು ಕೊಟ್ಟು, ತಮ್ಮ ಡಬ್ಬಿಯಲ್ಲಿದ್ದ ಹಳೆಯ, ಆದರೆ ಅಂಚು ಕೆಡದ ಜೋಡಿಯನ್ನು ಕೂರಿಸಿದರು. ಕೊನೆಗೆ ತೆಳು ಗ್ರೀಸು ಮತ್ತು 90ರ ಗೇರ್ ಆಯಿಲ್ ಬೆರೆಸಿ ತುಂಬಿದರು. ಬರೀ ಆಯಿಲ್ ಹಾಕಿದರೆ ಈ ಪೆಟ್ಟಿಗೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಚಕ್ರದ ಗಟ್ಟಿ ಗ್ರೀಸು ತುರುಕಿದರೆ ಗೇರುಗಳು ಅದರಲ್ಲಿ ದಾರಿ ಕೊರೆದುಕೊಂಡು ಒಣಗಿಯೇ ಓಡುತ್ತವೆ.

ಈಗ ಮೇಲ್ಸೇತುವೆಯ ಮೇಲೆ ಎರಡನೆಯ ಗೇರು ಹಿಡಿದು ನಿಲ್ಲುತ್ತದೆ. ಸದ್ದು ಬಹುಪಾಲು ಹೋಗಿದೆ. ಗೇರು ಒತ್ತುವಾಗ ಕಾಲು ಸೋಮಾರಿಯಾದರೆ ನಡುವೆ ಯಾವ ಗೇರೂ ಹಿಡಿಯದ ಸುಳ್ಳು ನ್ಯೂಟ್ರಲ್ ಇನ್ನೂ ಸಿಗುತ್ತದೆ. ಅದು ಆಲ್ಬಿಯನ್ನಿನ ಹುಟ್ಟುಗುಣ, ಉಸ್ತಾದರ ತಪ್ಪಲ್ಲ.

ತಕರಾರುಗಳೂ ಇವೆ. ಹೇಳಿದ ದಿನಕ್ಕೆ ಗಾಡಿ ಸಿಗುವುದಿಲ್ಲ. ಫೋನು ಎತ್ತುವುದಿಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ತಗಡು ಕಾಯುವುದರಿಂದ ಮಧ್ಯಾಹ್ನ ಕೆಲಸವೇ ಇಲ್ಲ. ಇದಕ್ಕೆ ನಾನು ಅವರನ್ನು ದೂರಲಾರೆ. ರಸೀದಿ ಕೊಡುವುದಿಲ್ಲ, ಲೆಕ್ಕವೆಲ್ಲ ಸಿಗರೇಟು ಪ್ಯಾಕಿನ ಹಿಂಭಾಗದಲ್ಲಿ. ಕೂಲಿ 3,000 ರೂಪಾಯಿ, ಸಾಮಾನು ಬೇರೆ. ತೆಗೆದ ಹಳೆಯ ಗೇರುಗಳನ್ನು ಕೇಳಿ ಪಡೆಯಿರಿ. ಕೇಳದಿದ್ದರೆ ಡಬ್ಬಿ ಸೇರುತ್ತವೆ. ವೈರಿಂಗ್, ದೀಪದ ಕೆಲಸ ಅವರಿಗೆ ಒಪ್ಪಿಸಬೇಡಿ, ಆಸಕ್ತಿಯೇ ಇಲ್ಲ. ಶುಕ್ರವಾರ ಬಾಗಿಲು ಮುಚ್ಚಿರುತ್ತದೆ.